ಎರಡೂ ಮಂಡಿ ಬದಲಾಯಿಸಿಕೊಂಡವಳ ಅನುಭವ: ಏನು ಸಿಕ್ಕಿತು, ಏನು ಸಿಗಲಿಲ್ಲ

2018ರಲ್ಲಿ ಬಲ ಮಂಡಿ, ಮರುವರ್ಷ ಎಡ ಮಂಡಿ. ಎರಡೂ ಟೋಟಲ್ ನೀ ರಿಪ್ಲೇಸ್‌ಮೆಂಟ್. ಹಾಸನದ ಕಡೆ ಹೈಸ್ಕೂಲುಗಳಲ್ಲಿ ನಿಂತೇ ಪಾಠ ಮಾಡಿ ನಿವೃತ್ತಿಯಾದವಳು ನಾನು. ಕೊನೆಕೊನೆಗೆ ರಾತ್ರಿ ಮಗ್ಗಲು ಬದಲಿಸಿದರೂ ನೋವಿಗೆ ಎಚ್ಚರವಾಗುತ್ತಿತ್ತು. ಆಪರೇಷನ್ ಆದ ಹೊಸದರಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಅದೇ ಮಂಡಿಯಲ್ಲಿ ವರ್ಷಗಟ್ಟಲೆ ನಡೆದವರು ಬರೆದದ್ದು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಕೇಳುವುದನ್ನೇ ಹೇಳುತ್ತೇನೆ. ಆ ನೋವು ಹೋಯಿತು, ಪೂರ್ತಿ ಹೋಯಿತು. ಸಂತೆಗೆ ನಡೆದು ಹೋಗಿ ಬರುತ್ತೇನೆ, ಬಸ್ ಹತ್ತುತ್ತೇನೆ, ರಾತ್ರಿ ನಿದ್ದೆ ಮಾಡುತ್ತೇನೆ. ಬಿಲ್ಲಿನ ಹಾಗೆ ಬಾಗಿದ್ದ ಕಾಲು ನೇರವಾಗಿದೆ. ಇಷ್ಟಕ್ಕೇ ನಾನು ಡಾಕ್ಟರಿಗೆ ಋಣಿ.

ಮಂಡಿ ಬದಲಾವಣೆ ಅಂದರೆ ಇಡೀ ಮಂಡಿಯನ್ನೇ ಕಿತ್ತು ಬೇರೆ ಇಡುತ್ತಾರೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನಿಲ್ಲ. ಸವೆದ ಮೂಳೆಯ ತುದಿಯನ್ನು ತೆಳುವಾಗಿ ಕತ್ತರಿಸಿ, ತೊಡೆ ಮೂಳೆಗೆ ಒಂದು ಲೋಹದ ಕವಚ, ಕೆಳಗಿನ ಮೂಳೆಗೆ ಒಂದು ಲೋಹದ ತಟ್ಟೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ, ಪಾಲಿಎಥಿಲೀನ್. ಸಾಮಾನ್ಯವಾಗಿ ಬೋನ್ ಸಿಮೆಂಟ್ ಹಾಕಿ ಅಂಟಿಸುತ್ತಾರೆ. ನನಗೆ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟಿದ್ದರು. ನೋವು ಗೊತ್ತಾಗಲಿಲ್ಲ, ಸುತ್ತಿಗೆಯ ಸದ್ದು ಮಾತ್ರ ಕೇಳಿಸುತ್ತಿತ್ತು.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ನಿಜವಾದ ಕಷ್ಟ ಮನೆಗೆ ಬಂದ ಮೇಲೆ. ಫಿಸಿಯೋ ಹುಡುಗಿ ಮಂಚದ ಅಂಚಿನಲ್ಲಿ ಕೂರಿಸಿ, ಹಿಮ್ಮಡಿ ಹಿಡಿದು ಹಿಂದಕ್ಕೆ ಒತ್ತುತ್ತಿದ್ದಳು. "ಅಮ್ಮಾ, ಇನ್ನೊಂಚೂರು ಮಡಚಿ." "ಸಾಕು ಕಣಮ್ಮಾ, ಆಗ್ತಿಲ್ಲ." "ಇವತ್ತು ಬಿಟ್ರೆ ನಾಳೆ ಇನ್ನೂ ಬಿಗಿಯಾಗುತ್ತೆ." ಅವಳು ಹೇಳಿದ್ದೇ ಸರಿ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ ಮಂಡಿ 90 ಡಿಗ್ರಿಯಾದರೂ ಮಡಚಬೇಕು. ಮೊದಲ ಕೆಲವು ವಾರಗಳಲ್ಲಿ ಅದು ಬರದಿದ್ದರೆ ಆಮೇಲೆ ತರುವುದು ಬಹಳ ಕಷ್ಟ. ಮಡಚುವುದರಷ್ಟೇ ಮುಖ್ಯ ಕಾಲನ್ನು ಪೂರ್ತಿ ನೀಟಾಗಿ ಚಾಚುವುದು. ಹಿಮ್ಮಡಿ ಕೆಳಗೆ ಮಡಚಿದ ಟವೆಲ್ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತುವ ವ್ಯಾಯಾಮ ನಾನು ಈಗಲೂ ಮಾಡುತ್ತೇನೆ. ಒಳ್ಳೆ ಡಾಕ್ಟರನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಒಳ್ಳೆ ಫಿಸಿಯೋ ಹುಡುಕಿ.

ನನ್ನ ಆಸ್ಪತ್ರೆಯ ಮೇಲಿರುವ ಒಂದೇ ಬೇಸರವೂ ಇದೇ. ಪ್ಯಾಕೇಜಿನಲ್ಲಿ ಫಿಸಿಯೋ ಇದ್ದದ್ದು ಡಿಸ್ಚಾರ್ಜ್ ಆಗುವವರೆಗೆ ಮಾತ್ರ. ಮೊದಲೇ ಯಾರೂ ಹೇಳಲಿಲ್ಲ. ನೀವು ಅಡ್ಮಿಟ್ ಆಗುವ ಮುಂಚೆಯೇ ಕೇಳಿ.

ಇನ್ನು ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಂಪ್ಲಾಂಟ್ ಬೆಲೆಗೆ, ಅಂದರೆ ಮಂಡಿಯೊಳಗೆ ಕೂರಿಸುವ ಆ ಭಾಗಗಳ ಬೆಲೆಗೆ, ಮಿತಿ ಹಾಕಿತು. ಕೋಬಾಲ್ಟ್ ಕ್ರೋಮಿಯಂನದಕ್ಕೆ ಆಗ 54,720 ರೂಪಾಯಿ, ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂನದಕ್ಕೆ 76,600, ಜಿಎಸ್‌ಟಿ ಬೇರೆ. ಅದಕ್ಕೂ ಮುಂಚೆ ಲಕ್ಷ ದಾಟುತ್ತಿತ್ತು. ಆದರೆ ಮಿತಿ ಇರುವುದು ಇಂಪ್ಲಾಂಟಿಗೆ ಮಾತ್ರ. ರೂಮು, ಥಿಯೇಟರು, ಡಾಕ್ಟರ್ ಫೀಸು ಸೇರಿ ಬಿಲ್ ಬೆಳೆಯುತ್ತದೆ. ಬಿಪಿಎಲ್ ಕಾರ್ಡ್ ಇರುವವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನು ಸಿಗುತ್ತದೆ ಅಂತ ವಿಚಾರಿಸಿ.

ಇಷ್ಟು ವರ್ಷ ಕಳೆದರೂ ಉಳಿದಿರುವ ತೊಂದರೆಗಳಿವೆ. ಗಾಯದ ಹೊರಬದಿಯಲ್ಲಿ ಅಂಗೈ ಅಗಲ ಚರ್ಮ ಇನ್ನೂ ಜೋಮು. ಮೆಟ್ಟಿಲು ಇಳಿಯುವಾಗ ಒಮ್ಮೊಮ್ಮೆ ಟಕ್ ಅನ್ನುತ್ತದೆ. ಜಾಸ್ತಿ ಹೊತ್ತು ಕೂತೆದ್ದರೆ ಮೊದಲ ಹೆಜ್ಜೆಗಳು ಬಿಗಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಮುಗಿಯಿತು. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವಳಿಗೆ ಇದು ಸಣ್ಣ ಕೊರತೆ ಅಲ್ಲ. ದೇವರ ಮುಂದೆ ಮಂಡಿಯೂರಿ ನಮಸ್ಕಾರ ಮಾಡೋಕೂ ಆಗಲ್ಲ, ಕೈಮುಗಿದು ನಿಲ್ಲುತ್ತೇನೆ. ಮನೆಗೆ ವೆಸ್ಟರ್ನ್ ಕಮೋಡು ಆಪರೇಷನ್‌ಗೆ ಮುಂಚೆಯೇ ಹಾಕಿಸಬೇಕು.

ಎಲ್ಲರಿಗೂ ಪೂರ್ತಿ ಬದಲಾವಣೆಯೇ ಬೇಕು ಅಂತಿಲ್ಲ. ನನ್ನ ತಮ್ಮನಿಗೆ ಇನ್ನೂ ಐವತ್ತು ತುಂಬಿರಲಿಲ್ಲ, ಮಂಡಿಯ ಒಳಬದಿ ಮಾತ್ರ ಸವೆದಿತ್ತು, ಕಾಲು ಬಾಗಿತ್ತು. ಅವನಿಗೆ ಮಂಡಿ ಕೆಳಗಿನ ಮೂಳೆಯನ್ನು ಕತ್ತರಿಸಿ, ಕೋನ ಸರಿಮಾಡಿ, ಪ್ಲೇಟ್ ಹಾಕಿದರು. ಅದಕ್ಕೆ ಆಸ್ಟಿಯೋಟಮಿ ಅನ್ನುತ್ತಾರೆ. ಭಾರ ಚೆನ್ನಾಗಿರುವ ಬದಿಗೆ ಸರಿಯಿತು, ಅವನ ಸ್ವಂತ ಮಂಡಿ ಉಳಿಯಿತು. ಮೂಳೆ ಕೂಡುವವರೆಗೆ ತಾಳ್ಮೆ ಬೇಕು, ಅಷ್ಟೇ. ಒಂದೇ ಬದಿ ಸವೆದ, ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ಗಟ್ಟಿಯಿರುವ ಹಿರಿಯರಿಗೆ ಆ ಭಾಗವನ್ನಷ್ಟೇ ಬದಲಿಸುವ ಪಾರ್ಷಿಯಲ್ ಇದೆ. ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಬಾಳಿಕೆ ಸ್ವಲ್ಪ ಕಡಿಮೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82%, ಪಾರ್ಷಿಯಲ್‌ನಲ್ಲಿ ಸುಮಾರು 70% ಮಂಡಿಗಳು 25 ವರ್ಷ ಬಾಳುತ್ತವೆ.

ಸವೆತಕ್ಕೆ ಸಣ್ಣ ತೂತಿನಿಂದ ದುರ್ಬೀನು ಹಾಕಿ (ಆರ್ತ್ರೋಸ್ಕೋಪಿ) ಮಂಡಿಯ ಒಳಗೆ "ಕ್ಲೀನ್" ಮಾಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. 2002ರಲ್ಲೇ ಅಮೆರಿಕದ ಒಂದು ಅಧ್ಯಯನದಲ್ಲಿ ಕೆಲವರಿಗೆ ನಿಜವಾಗಿ ಕ್ಲೀನ್ ಮಾಡಿ, ಇನ್ನು ಕೆಲವರಿಗೆ ಹೋಲಿಕೆಗೆಂದು ಚರ್ಮವನ್ನಷ್ಟೇ ಕೊಯ್ದು ಹೊಲಿಗೆ ಹಾಕಿದ್ದರು. ಸವೆತದ ನೋವಿಗೆ ಆ ಕ್ಲೀನಿಂಗು ಬರೀ ಹೊಲಿಗೆಗಿಂತ ಹೆಚ್ಚಿನ ಗುಣ ಕೊಡಲಿಲ್ಲ. ಲಿಗಮೆಂಟ್ ಹರಿದವರ ವಿಷಯ ಬೇರೆ, ಅಲ್ಲಿ ದುರ್ಬೀನಿನ ಆಪರೇಷನ್‌ಗೆ ಅದರದೇ ಜಾಗ ಇದೆ.

ಮಂಡಿ ಬದಲಿಸುವಾಗ ರೋಬೋಟಿನ ಸಹಾಯ ಬೇಕಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಅದು ಅಳತೆಯನ್ನು ನಿಖರ ಮಾಡುತ್ತದೆ, ಕೈ ಡಾಕ್ಟರದ್ದೇ. ನಾನಾದರೆ ಆ ಜಾಸ್ತಿ ದುಡ್ಡನ್ನು ಫಿಸಿಯೋಗೆ ಇಡುತ್ತಿದ್ದೆ.

ಕೊನೆಗೆ, ನಿಮ್ಮ ಫೈಲಿನಲ್ಲಿ ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿದ್ದಾರಾ ನೋಡಿ. ಕಂಪನಿ, ಸೈಜು, ಲಾಟ್ ನಂಬರ್ ಅದರಲ್ಲಿರುತ್ತದೆ. ಮುಂದೆ ಯಾವತ್ತಾದರೂ ಮಂಡಿ ಮತ್ತೆ ತೆರೆಯಬೇಕಾಗಿ ಬಂದರೆ ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ವರ್ಷಗಳು ಕಳೆದಿದ್ದರೂ ಸರಿ, ಅವತ್ತೇ ಆಪರೇಷನ್ ಮಾಡಿದವರ ಹತ್ತಿರ ಹೋಗಿ.