ಆರ್‌ಟಿಐ ಅರ್ಜಿಯೋ, ದೂರು ಪ್ರಾಧಿಕಾರವೋ?

ಹುಬ್ಬಳ್ಳಿಯ ಪಿಎಸ್‌ಐ ಒಬ್ಬರ ಮೇಲೆ ಹಿಂದೆ ಕ್ರಮವಾಗಿತ್ತೇ ಎಂದು ತಿಳಿಯಲು ಯಾವ ದಾರಿ ಅಂತ ಕೇಳಿದ್ದೀರಿ.

ಆರ್‌ಟಿಐಗೆ, ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ. ತೊಡಕು ಬೇರೆಯೇ ಇದೆ: ನೌಕರರಿಗೆ ಕೊಟ್ಟ ಮೆಮೊ, ಶಿಕ್ಷೆ ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಸಾರ್ವಜನಿಕ ಹಿತ ದೊಡ್ಡದೆಂದು ನೀವು ತೋರಿಸಬೇಕು. ಅವರ ಮನೆ ವಿಳಾಸ, ಆಸ್ಪತ್ರೆ ಕಾಗದ ಗುಟ್ಟಾಗಿರಲಿ, ಅದು ನ್ಯಾಯ. ಖಾಕಿ ತೊಟ್ಟು ಮಾಡಿದ ತಪ್ಪನ್ನೂ ಅದೇ ಕಪಾಟಿನಲ್ಲಿ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಹೆಸರು ಕೇಳದೆ, ಕಮಿಷನರೇಟ್‌ಗೆ ಬಂದ ದೂರು ಎಷ್ಟು, ಕ್ರಮವಾದದ್ದು ಎಷ್ಟು ಎಂದಷ್ಟೇ ಕೇಳುವುದಾದರೆ ಆರ್‌ಟಿಐ ಸಾಕು.

ನಿಮಗೇ ಪೊಲೀಸರಿಂದ ಪೆಟ್ಟು ಬಿದ್ದಿದ್ದರೆ, ಪೊಲೀಸರ ಮೇಲಿನ ದೂರು ವಿಚಾರಿಸುವ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಹೋಗಿ. ಕಡತ ಕೈಗೆ ಸಿಗದಿದ್ದರೂ ವಿಚಾರಣೆಯ ದಾರಿ ತೆರೆಯುತ್ತದೆ. ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡುವಂತೆ ಮಾತ್ರ ಇವತ್ತೇ ಬರೆದುಕೊಡಿ.