ಅಗ್ಗದ ಮೈಲಿಗಳ ಆಸೆಗೆ ಗೊತ್ತಿಲ್ಲದ ಯಾಟ್ ಹತ್ತಬೇಡಿ

ಇಂಗ್ಲೆಂಡಿನ ಸೌತಾಂಪ್ಟನ್ ಕಡೆ ಸೈಲಿಂಗ್ (ಹಾಯಿದೋಣಿ ನಡೆಸುವುದು) ಕಲಿಯುತ್ತಿರುವ ಇಬ್ಬರು ಗೆಳೆಯರು ಮೊನ್ನೆ ಫೋನ್ ಮಾಡಿ, 'ಮೈಲ್ ಬಿಲ್ಡಿಂಗ್ ಟ್ರಿಪ್ ಒಂದಿದೆ, ತುಂಬಾ ಕಡಿಮೆ ದುಡ್ಡು, ಹೋಗಲಾ?' ಎಂದು ಕೇಳಿದರು. ಪರೀಕ್ಷೆಗೆ ಬೇಕಾದ ಸಮುದ್ರಯಾನದ ಮೈಲಿಗಳನ್ನು ಕೂಡಿಸಿಕೊಳ್ಳಲು ದುಡ್ಡು ಕೊಟ್ಟು ಬೇರೆಯವರ ಯಾಟ್ ಹತ್ತುವುದಕ್ಕೆ ಹೀಗೆನ್ನುತ್ತಾರೆ. ಬೇಡ ಎಂದೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ದೂರದ ಸಮುದ್ರಯಾನದ ಕನಸು ಇರುವವರಿಗೆ ಮೈಲಿ ಬೇಕೇ ಬೇಕು. ಆರ್‌ವೈಎ (ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್) ಕೊಡುವ ಯಾಟ್‌ಮಾಸ್ಟರ್ ಆಫ್‌ಶೋರ್ ಅರ್ಹತೆಯ ಪರೀಕ್ಷೆಗೆ ಕೂರಬೇಕಾದರೆ ಸಮುದ್ರದಲ್ಲಿ 2500 ನಾಟಿಕಲ್ ಮೈಲಿ ಪಯಣ ಆಗಿರಬೇಕು, ಅದರಲ್ಲಿ 60 ಮೈಲಿಗಿಂತ ಉದ್ದದ ಪಯಣಗಳೇ 5 ಇರಬೇಕು. ಕೆಲಸದಲ್ಲಿರುವವರಿಗೆ ಇದು ಸುಲಭ ಅಲ್ಲ. ಇದು ಗೊತ್ತಿದ್ದೇ ಕೆಲವು ಯಾಟ್ ಮಾಲೀಕರು ಮೈಲಿ ಮಾರಲು ಕೂತಿದ್ದಾರೆ. ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವ ಯಾಟ್‌ಗೆ ಸುರಕ್ಷತಾ ಪ್ರಮಾಣಪತ್ರ ಬೇಕು, ಸ್ಕಿಪ್ಪರ್‌ಗೆ (ದೋಣಿಯ ನಾಯಕನಿಗೆ) ಕಮರ್ಷಿಯಲ್ ಎಂಡಾರ್ಸ್‌ಮೆಂಟ್, ಅಂದರೆ ದುಡ್ಡಿಗೆ ಯಾಟ್ ನಡೆಸುವ ಅನುಮತಿ ಬೇಕು. 'ಇದು ಫೀಸ್ ಅಲ್ಲ, ಖರ್ಚು ಹಂಚಿಕೊಳ್ಳುವುದು ಅಷ್ಟೇ' ಎಂದು ಹೇಳಿ ಅದರಿಂದ ನುಣುಚಿಕೊಳ್ಳುತ್ತಾರೆ.

ಹಿಂದೊಮ್ಮೆ ನಾನು ಹೋಗಿದ್ದು ಅಂಥದ್ದೇ ಒಂದು ಯಾಟ್‌ನಲ್ಲಿ. ಲಿಮಿಂಗ್ಟನ್‌ನಿಂದ ಹೊರಟು ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಶೆರ್‌ಬೂರ್ಗ್ ಸೇರುವ ಯೋಜನೆ. ಸ್ಕಿಪ್ಪರ್ ತಡವಾಗಿ ಬಂದರು. ಲೈಫ್‌ಜಾಕೆಟ್‌ಗಳನ್ನು ಕೈಗೆ ಕೊಟ್ಟಿದ್ದೇ ಹಗ್ಗ ಬಿಚ್ಚಿದ ಮೇಲೆ. ರೇಡಿಯೋ ಎಲ್ಲಿದೆ, ಹೇಗೆ ಬಳಸಬೇಕು, ಯಾರಿಗೂ ತೋರಿಸಲಿಲ್ಲ.

ಹರ್ಸ್ಟ್ ಕೋಟೆಯ ಹತ್ತಿರ ಸೊಲೆಂಟ್ (ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿ) ಕಿರಿದಾಗುತ್ತದೆ. ಇಳಿತದಲ್ಲಿ ಪಶ್ಚಿಮಕ್ಕೆ ಹರಿಯುವ ನೀರೆಲ್ಲ ಆ ಕಿಂಡಿಯಿಂದಲೇ ಹೊರಗೆ ನುಗ್ಗಬೇಕು, ದೊಡ್ಡ ಇಳಿತದ ದಿನ ಅದರ ವೇಗ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ದಾಟುತ್ತದೆ. ಅವತ್ತು ನೈಋತ್ಯದ ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿತ್ತು. ಹೀಗಾದಾಗ ಅಲೆಗಳು ಒತ್ತೊತ್ತಾಗಿ, ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ಆ ಕುಲುಕಾಟಕ್ಕೆ ಡೀಸೆಲ್ ಟ್ಯಾಂಕಿನ ತಳದ ಕೊಳೆ ಕದಡಿ ಫಿಲ್ಟರ್ ಕಟ್ಟಿಕೊಂಡಿತು. ಎಂಜಿನ್ ನಿಂತಿತು. ಮುಂದಿನ ಹಾಯಿ ಅರ್ಧ ಬಿಚ್ಚಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಒಬ್ಬ ಹುಡುಗ ಮುಂದಕ್ಕೆ ಹೋದ. ಸೊಂಟಕ್ಕೆ ಸೇಫ್ಟಿ ಹಗ್ಗ ಇರಲಿಲ್ಲ, ಯಾಕೆಂದರೆ ನಾಲ್ವರಿಗೆ ಇದ್ದದ್ದೇ ಎರಡು. ಜಾರಿ ಬಿದ್ದ. ಒಂದು ಕಾಲು ಕಂಬಿಯಾಚೆ ಹೋಯಿತು, ಕೈಗೆ ತಂತಿ ಸಿಕ್ಕಿದ್ದಕ್ಕೆ ಉಳಿದ.

ಪ್ರವಾಹ ನಮ್ಮನ್ನು ಶಿಂಗಲ್ಸ್ ಎಂಬ, ನೀರಿನಡಿಯ ಜಲ್ಲಿಕಲ್ಲಿನ ದಿಬ್ಬದ ಕಡೆ ತಳ್ಳುತ್ತಿತ್ತು. ಲಂಗರು ಫೆಂಡರ್‌ಗಳ (ದೋಣಿಯ ಬದಿಗೆ ಪೆಟ್ಟಾಗದಂತೆ ಕಟ್ಟುವ ಮೆತ್ತೆಗಳ) ಅಡಿಯಲ್ಲಿ ಹೂತುಹೋಗಿತ್ತು. ಎಲ್ಲ ಕಿತ್ತೆಸೆದು ಅದನ್ನು ಇಳಿಸಿದೆವು, ಪುಣ್ಯಕ್ಕೆ ಕಚ್ಚಿತು. ಸ್ಕಿಪ್ಪರ್ ರೇಡಿಯೋದ ತುರ್ತು ಚಾನೆಲ್ 16ರಲ್ಲಿ ಸಹಾಯಕ್ಕೆ ಕರೆದರು. ಯಾರ್ಮೌತ್‌ನ ಲೈಫ್‌ಬೋಟ್ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಅದನ್ನು ನಡೆಸುವ, 1824ರಲ್ಲಿ ಶುರುವಾದ ಆರ್‌ಎನ್‌ಎಲ್‌ಐ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್) ಇವತ್ತಿಗೂ ದಾನದ ಹಣದಲ್ಲಿ ನಡೆಯುತ್ತಿದೆ, ದೋಣಿಗಳಲ್ಲಿ ಹೋಗುವವರು ಹೆಚ್ಚಿನವರು ಸ್ವಯಂಸೇವಕರು. ಆ ಜನರ ಋಣ ನನ್ನ ಮೇಲಿದೆ.

ದಡ ಸೇರಿದ ಮೇಲೆ ನನ್ನ ಲೈಫ್‌ಜಾಕೆಟ್ ಬಿಚ್ಚಿ ನೋಡಿದೆ. ಅದನ್ನು ಉಬ್ಬಿಸುವ ಗ್ಯಾಸ್ ಸಿಲಿಂಡರ್ ತಿರುಗಿಸಿ ಹೊರತೆಗೆದರೆ ಕುತ್ತಿಗೆಯಲ್ಲಿ ಸಣ್ಣ ತೂತು. ಅಂದರೆ ಅದು ಮೊದಲೇ ಬಳಸಿ ಖಾಲಿಯಾದದ್ದು. ನೀರಿಗೆ ಬಿದ್ದಿದ್ದರೆ ಅದು ಉಬ್ಬುತ್ತಲೇ ಇರಲಿಲ್ಲ. ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಸ ಸಿಲಿಂಡರ್‌ಗೆ ಮಹಾ ಎಷ್ಟು ದುಡ್ಡಾಗುತ್ತಿತ್ತು?

ಹಾಗಾಗಿ ದುಡ್ಡು ಕೊಡುವ ಮೊದಲೇ ಯಾಟ್ ಹತ್ತಿರ ಹೋಗಿ ನೋಡಿ. ಪ್ರಮಾಣಪತ್ರ ಕೇಳಿ. ಸುಮ್ನೆ ಮಾತು ಮರೆಸಿದರೆ ಅಲ್ಲಿಂದಲೇ ಹೊರಡಿ. ಲೈಫ್‌ಜಾಕೆಟ್ ಬಿಚ್ಚಿ ಸಿಲಿಂಡರ್ ತೂಗಿ ನೋಡಿ, ಎಷ್ಟು ತೂಕ ಇರಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ಲೈಫ್‌ಜಾಕೆಟ್ ಮೇಲೆ ಜಾರದಂತೆ ಹಿಡಿಯುವ ತೊಡೆಯ ಪಟ್ಟಿ ಇದೆಯಾ, ಲೈಫ್‌ರಾಫ್ಟ್‌ನ ಸರ್ವಿಸ್ ದಿನಾಂಕ ಮುಗಿದಿದೆಯಾ ನೋಡಿ. ಅಪಾಯದ ಕರೆ ಕಳಿಸುವ ರೇಡಿಯೋದ ಕೆಂಪು ಗುಂಡಿ ಒತ್ತುವುದು ಹೇಗೆಂದು ಎಲ್ಲರಿಗೂ ತೋರಿಸುವ ಸ್ಕಿಪ್ಪರ್ ಜೊತೆ ಮಾತ್ರ ಹೋಗಿ.

ಮೈಲಿ ಬೇಕೆಂದರೆ ಆರ್‌ವೈಎ ಮಾನ್ಯತೆ ಇರುವ ಶಾಲೆಗಳೂ ಇಂಥ ಪಯಣ ನಡೆಸುತ್ತವೆ. ದುಡ್ಡು ಜಾಸ್ತಿ, ನಿಜ. ಅದಕ್ಕೂ ಮೊದಲು ಒಂದು ದಿನದ ಸೀ ಸರ್ವೈವಲ್ ಕೋರ್ಸ್ (ಸಮುದ್ರದಲ್ಲಿ ಬದುಕುಳಿಯುವ ತರಬೇತಿ) ಮಾಡಿಬಿಡಿ. ಬಟ್ಟೆ, ಲೈಫ್‌ಜಾಕೆಟ್ ಸಮೇತ ಈಜುಕೊಳಕ್ಕೆ ಇಳಿಸುತ್ತಾರೆ, ಮಗುಚಿದ ರಾಫ್ಟನ್ನು ಸರಿಮಾಡಿ ಹತ್ತಲು ಕಲಿಸುತ್ತಾರೆ. ನನ್ನ ಗೆಳೆಯರಿಬ್ಬರೂ ಈಗ ಅದಕ್ಕೇ ಹೆಸರು ಕೊಟ್ಟಿದ್ದಾರೆ.