ಎರಡನೇ ಬಟ್ಟಲು ಅನ್ನ: ಕಾಂಡಾದ ಊಟದಂಗಡಿಯೊಂದರಲ್ಲಿ ನಾಲ್ಕು ವರ್ಷ

ಟೋಕಿಯೊದ ಕಾಂಡಾ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿರುವ, ಹದಿನಾಲ್ಕು ಜನ ಮೊಣಕೈ ತಾಗಿಸಿಕೊಂಡು ಕೂರಬಹುದಾದ ಒಂದು ಊಟದಂಗಡಿಗೆ ನಾನು ನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಮೂರು ಬಾರಿ ಮಧ್ಯಾಹ್ನ ಹೋಗುತ್ತಿದ್ದೇನೆ. ದೂರು ಹೇಳುವುದೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಕಚೇರಿಗಳು ಒತ್ತೊತ್ತಾಗಿರುವ ಆ ಭಾಗದಲ್ಲಿ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ಜಪಾನಿನ ಊಟವೆಂದರೆ ಸುಶಿ ಎಂದೇ ತಿಳಿದವರಿಗೆ ಒಂದು ಮಾತು: ಇಲ್ಲಿನ ನೌಕರವರ್ಗ ಮಧ್ಯಾಹ್ನ ಹುಡುಕಿಕೊಂಡು ಹೋಗುವುದು ತೇಶೊಕುವನ್ನು. ಒಂದು ಟ್ರೇಯಲ್ಲಿ ಅನ್ನ, ಹುದುಗಿಸಿದ ಸೋಯಾ ಕಾಳಿನ ಮುದ್ದೆಯಿಂದ ಮಾಡುವ ಮಿಸೊ ಸಾರು, ಉಪ್ಪಿನಲ್ಲಿ ಹಾಕಿದ ಮೂಲಂಗಿ ಮತ್ತು ಒಂದು ಮುಖ್ಯ ಪದಾರ್ಥ ಬರುವ ಈ ಊಟ ನಮ್ಮ ಹೋಟೆಲುಗಳ ಮೀಲ್ಸ್‌ಗೆ ದಾಯಾದಿಯೆನ್ನಬಹುದು.

ಬಾಗಿಲ ಪಕ್ಕದಲ್ಲಿ ಟಿಕೆಟ್ ಯಂತ್ರವಿದೆ. ಸಾವಿರ ಯೆನ್‌ನ ನೋಟು ತೂರಿಸಿ ಎರಡನೇ ಸಾಲಿನ ಮೂರನೇ ಗುಂಡಿಯನ್ನು ಒತ್ತಿದರೆ ಹಳೆಯ ಬಸ್ ಟಿಕೆಟ್ಟಿನಷ್ಟು ಚೀಟಿಯೊಂದು ಬೀಳುತ್ತದೆ. ನನ್ನಂಥವರ ಬೆರಳು ಬಿದ್ದು ಬಿದ್ದು ಆ ಗುಂಡಿಯ ಮೇಲಿನ ಅಕ್ಷರಗಳು ಅರ್ಧ ಅಳಿಸಿವೆ. 2024ರ ಜುಲೈ 3ರಂದು ಹೊಸ ನೋಟುಗಳು ಚಲಾವಣೆಗೆ ಬಂದಾಗ ಈ ಮುದಿ ಯಂತ್ರ ಅವನ್ನು ಗುರುತಿಸದೆ ಹೊರಗೆ ಉಗುಳತೊಡಗಿತು. ಬದಲಾಯಿಸುವುದು ದುಬಾರಿಯೆಂದು ಅಂಗಡಿಯವರು ಒಂದು ಕಾಗದ ಅಂಟಿಸಿ ಸುಮ್ಮನಾದರು. ಅಲ್ಲಿಂದ ಮುಂದೆ ಎಷ್ಟೋ ತಿಂಗಳ ಕಾಲ ನಾನು ವಿಜ್ಞಾನಿ ನೊಗುಚಿ ಹಿದೆಯೊ ಅವರ ಚಿತ್ರವಿರುವ ಹಳೆಯ ನೋಟುಗಳನ್ನು ಊಟಕ್ಕೆಂದೇ ಡೈರಿಯೊಳಗೆ ಬೇರೆಯಾಗಿ ಇಟ್ಟುಕೊಳ್ಳುತ್ತಿದ್ದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಹಾಗೆ ನೋಟು ಎತ್ತಿಡುವುದರಲ್ಲಿ ನನಗೊಂದು ಖುಷಿಯೇ ಇತ್ತು.

ಆ ಮೂರನೇ ಗುಂಡಿ ಸಾಬಾ ಶಿಯೊಯಾಕಿಯದು, ಅಂದರೆ ಉಪ್ಪು ಸವರಿ ಸುಟ್ಟ ಸಾಬಾ ಮೀನಿನದು. ನಾನು ಕುಂದಾಪುರದ ಕಡೆಯವನು. ಸಾಬಾ ನಮ್ಮ ಬಂಗುಡೆಯ ಹತ್ತಿರದ ನೆಂಟ, ಆದರೆ ಗಾತ್ರದಲ್ಲೂ ಕೊಬ್ಬಿನಲ್ಲೂ ಅದಕ್ಕಿಂತ ಒಂದು ಕೈ ಮೇಲು. ಇಂಥ ಅಂಗಡಿಗಳಲ್ಲಿ ಬಡಿಸುವ ಸಾಬಾ ಬಹುಪಾಲು ನಾರ್ವೆಯಿಂದ ಬಂದದ್ದೆಂದು ತಿಳಿದಾಗ ಮೊದಲು ಪಿಚ್ಚೆನಿಸಿತ್ತು. ತಿಂದ ಮೇಲೆ ಆ ವಿಷಯವನ್ನು ಮರೆತೆ. ಸೀಳಿದ ಅರ್ಧ ಮೀನಿನ ಚರ್ಮ ಬೊಬ್ಬೆ ಎದ್ದು, ಅಲ್ಲಲ್ಲಿ ಕರಿದಾಗಿ, ಟ್ರೇ ಎದುರಿಗೆ ಬಂದ ಮೇಲೂ ಸಣ್ಣಗೆ ಚಿಟಿಚಿಟಿ ಎನ್ನುತ್ತಿರುತ್ತದೆ. ಪಕ್ಕದಲ್ಲಿ ಹಸಿ ಮೂಲಂಗಿ ತುರಿಯ ಒಂದು ಪುಟ್ಟ ಗುಡ್ಡೆ. ಅದರ ನೆತ್ತಿಗೆ ಮೂರು ಹನಿ ಸೋಯಾ ಸಾಸ್ ಬಿಟ್ಟು, ಅದು ಕಂದು ಬಣ್ಣವಾಗಿ ಕೆಳಗಿಳಿಯುವುದನ್ನು ನೋಡಿ, ಮೀನಿನ ಒಂದು ಚೂರಿನೊಂದಿಗೆ ಎತ್ತಿ ಬಾಯಿಗಿಟ್ಟರೆ ಕೊಬ್ಬಿನ ಜಿಡ್ಡನ್ನು ಮೂಲಂಗಿಯ ಖಾರ ಕತ್ತರಿಸುತ್ತದೆ. ಕೈಯಲ್ಲಿ ಮುಳ್ಳು ಬಿಡಿಸಿ ಬೆಳೆದವನಿಗೆ ಚಾಪ್‌ಸ್ಟಿಕ್‌ನಲ್ಲಿ ಆ ಕೆಲಸ ಕಲಿಯಲು ಒಂದು ವರ್ಷ ಬೇಕಾಯಿತು. ಈಗಲೂ ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದರೆ ಬೆರಳು ಹಾಕುತ್ತೇನೆ.

ಸಸ್ಯಾಹಾರಿಗಳು ಈ ಅಂಗಡಿಯನ್ನು ಕೈಬಿಡುವುದೇ ಲೇಸು. ಮೀನಿಲ್ಲದ ಊಟವನ್ನು ಕೇಳಿದರೂ ಮಿಸೊ ಸಾರಿನ ಬುಡದಲ್ಲಿ ಒಣಮೀನಿನ ರಸವಿರುತ್ತದೆ, ತೋಫುವಿನ ಮೇಲೂ ಒಣಮೀನಿನ ಹೆರೆತ ಉದುರಿಸಿರುತ್ತಾರೆ.

ಆದರೆ ನಾನು ಅಲ್ಲಿಗೆ ಅಂಟಿಕೊಂಡದ್ದು ಮೀನಿನಿಂದಲ್ಲ, ಅನ್ನದಿಂದ. ಇಲ್ಲಿ ಅನ್ನವನ್ನು ಮತ್ತೊಮ್ಮೆ ಹಾಕಿಸಿಕೊಳ್ಳುವುದಕ್ಕೆ ಒಕವಾರಿ ಎನ್ನುತ್ತಾರೆ, ಮತ್ತು ಈ ಅಂಗಡಿಯ ಗೋಡೆಯ ಮೇಲೆ ಒಕವಾರಿ ಉಚಿತವೆಂದು ಬರೆದಿತ್ತು. ನಾನು ಕೇಳಬೇಕಾಗಿಯೇ ಇರಲಿಲ್ಲ. ಒಲೆಯ ಪಕ್ಕ ನಿಲ್ಲುವ ಹಿರಿಯ ಹೆಂಗಸು ಬಟ್ಟಲು ಬರಿದಾಗುವ ಹೊತ್ತನ್ನು ಹೇಗೋ ತಿಳಿದು, ‘ಗೊಹಾನ್?’ ಎಂದು ಹುಬ್ಬು ಏರಿಸುತ್ತಿದ್ದರು. ನಾನು ಎರಡೂ ಕೈಯಲ್ಲಿ ಬಟ್ಟಲು ಚಾಚುತ್ತಿದ್ದೆ. ಕುಚ್ಚಲಕ್ಕಿಯ ಬಿಡಿ ಅನ್ನ ಉಂಡು ಬೆಳೆದ ನಾಲಿಗೆಗೆ ಈ ಅಂಟು ಅನ್ನ ಮೊದಲು ಹಿಡಿಸಿರಲಿಲ್ಲ, ಆದರೆ ಊಟದ ನಡುವೆ ಒಬ್ಬರು ನಿಂತು ‘ಅನ್ನ?’ ಎಂದು ಕೇಳಿದರೆ ಹೊಟ್ಟೆಗೆ ಮೊದಲೇ ಅರ್ಧ ಸಮಾಧಾನವಾಗಿಬಿಡುತ್ತದೆ. ಇಷ್ಟೆಲ್ಲಕ್ಕೂ ಆಗ 850 ಯೆನ್. ಬೇರೆ ದಿನಗಳಲ್ಲಿ ಡಬ್ಬಿ ಕಟ್ಟಿಕೊಂಡು ಹೋಗುವ ನನ್ನ ಲೆಕ್ಕಕ್ಕೆ ಅದು ಒಗ್ಗುತ್ತಿತ್ತು.

ಆಮೇಲೆ ಅಕ್ಕಿಯ ಬೆಲೆ ಏರಿತು. 2024ರ ಆರಂಭದಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ 5 ಕಿಲೋ ಚೀಲಕ್ಕೆ ಸುಮಾರು 2,000 ಯೆನ್ ಇದ್ದದ್ದು 2025ರ ವಸಂತದ ವೇಳೆಗೆ ಸರಾಸರಿ 4,000 ದಾಟಿತು. 2023ರ ವಿಪರೀತ ಸೆಕೆಗೆ ಕಾಳಿನ ಗುಣಮಟ್ಟ ಕೆಟ್ಟಿತ್ತು; 2024ರ ಆಗಸ್ಟ್‌ನಲ್ಲಿ ಮಹಾಭೂಕಂಪದ ಮುನ್ನೆಚ್ಚರಿಕೆ ಬಂದಾಗ ಜನ ಅಂಗಡಿಗಳ ಅಕ್ಕಿಯನ್ನು ಬಾಚಿಕೊಂಡು ಹೋದರು. ಸರ್ಕಾರ ತುರ್ತು ದಾಸ್ತಾನನ್ನು ಹೊರಗೆ ತೆಗೆಯಿತು. ಬೆಂಬಲಿಗರು ಕೊಡುವುದರಿಂದ ತಾವು ಅಕ್ಕಿಯನ್ನು ಕೊಂಡೇ ಇಲ್ಲವೆಂದು ಹೇಳಿದ ಕೃಷಿ ಸಚಿವ ಎತೊ ತಾಕು 2025ರ ಮೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿರುವ ನಿಶಿ ಕಸಾಯ್‌ನ ಭಾರತೀಯ ಅಂಗಡಿಗಳಲ್ಲಿ ಬಾಸ್ಮತಿ ಕೊಂಡು ಹೊತ್ತು ತರುವ ನಾನೂ ಆ ಸುದ್ದಿಯನ್ನು ಬಿಡದೆ ಓದಿದೆ.

ಹೀಗಿರುವಾಗ ಊಟದ ಬೆಲೆ 980 ಯೆನ್‌ಗೆ ಏರಿದ್ದನ್ನು ನಾನು ಆಕ್ಷೇಪಿಸಲಿಲ್ಲ. ಒಕವಾರಿಗೆ 100 ಯೆನ್ ಎಂದು ಗೋಡೆಯ ಬರಹ ಬದಲಾದದ್ದನ್ನೂ ಒಪ್ಪಿಕೊಂಡೆ. ನನಗೆ ಸಿಟ್ಟು ಬಂದದ್ದು ಬಟ್ಟಲಿನ ಮೇಲೆ. ಹಳೆಯ ಬಟ್ಟಲಿನ ಒಳಗೆ, ಅಂಚಿನಿಂದ ಒಂದು ಬೆರಳು ಕೆಳಗೆ ನೀಲಿ ಗೆರೆಯಿತ್ತು, ಅನ್ನ ಅದನ್ನು ಮುಚ್ಚಿ ಮೇಲೆ ಗೋಪುರವಾಗಿ ನಿಲ್ಲುತ್ತಿತ್ತು. ಒಂದು ಸೋಮವಾರ ಗೆರೆಯಿಲ್ಲದ ಹೊಸ ಬಟ್ಟಲು ಬಂದಿತು. ಬಾಯಿ ಅಷ್ಟೇ ಅಗಲ, ಬುಡ ಮಾತ್ರ ದಪ್ಪ. ನಾಲ್ಕು ತುತ್ತಾದರೂ ಕಡಿಮೆ ಹಿಡಿಯುತ್ತದೆ. ಬೆಲೆಗಳ ಬಗ್ಗೆ ಕ್ಷಮೆ ಕೋರಿ ಎರಡೆರಡು ಕಾಗದ ಅಂಟಿಸಿದವರು ಇದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಕೇಳಿ ಹೆಚ್ಚು ಹಣ ತೆಗೆದುಕೊಂಡರೆ ಕೊಡುತ್ತಿದ್ದೆ, ಆದರೆ ಹೇಳದೆ ಕಡಿಮೆ ಬಡಿಸಿದ್ದನ್ನು ಸಹಿಸಲಾಗಲಿಲ್ಲ.

ಮೂರು ವಾರ ಆ ಓಣಿಗೆ ಕಾಲಿಡಲಿಲ್ಲ. ಬೀದಿಯ ತುದಿಯಲ್ಲಿರುವ, ಊರೆಲ್ಲ ಶಾಖೆಗಳಿರುವ ಊಟದಂಗಡಿಯಲ್ಲಿ ಪರದೆ ಮುಟ್ಟಿ ಊಟ ತರಿಸಿದೆ, ಕನ್ವೀನಿಯನ್ಸ್ ಸ್ಟೋರಿನ ಒನಿಗಿರಿಯನ್ನು, ಅಂದರೆ ಅನ್ನದ ಉಂಡೆಯನ್ನು, ಕಚೇರಿಯ ಮೇಜಿನಲ್ಲೇ ತಿಂದೆ. ಖರ್ಚು ಕಡಿಮೆಯಾಯಿತೇನೋ ಹೌದು, ಆದರೆ ಊಟ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ನಾಲ್ಕನೇ ವಾರ ಹಿಂತಿರುಗಿದಾಗ ಆ ಹೆಂಗಸು ನನ್ನನ್ನು ಏನೂ ಕೇಳಲಿಲ್ಲ. ಚೀಟಿ ತೆಗೆದುಕೊಂಡರು, ಮೀನು ಬಂತು. ಅರ್ಧ ಊಟವಾದಾಗ ಅವರ ಕಣ್ಣು ನನ್ನ ಬಟ್ಟಲಿನ ಮೇಲೆ ಬಿದ್ದದ್ದನ್ನೂ, ‘ಗೊಹಾನ್’ ಎಂಬ ಮಾತು ತುಟಿಯವರೆಗೆ ಬಂದು ನಿಂತದ್ದನ್ನೂ ನಾನು ಕಂಡೆ. ಈಗ ಆ ಪ್ರಶ್ನೆಗೆ 100 ಯೆನ್ ಬೆಲೆಯಿದೆ. ಕೇಳಿದರೆ ಅದು ವ್ಯಾಪಾರವಾಗುತ್ತದೆ ಎಂಬ ಸಂಕೋಚ ಅವರಿಗೂ ಇದ್ದಿರಬೇಕು. ಬಟ್ಟಲಿನ ಮೇಲಿನ ನನ್ನ ಸಿಟ್ಟು ಅರ್ಧ ಇಳಿದದ್ದು ಆಗಲೇ.

ಹೋಗುವವರು 11:45ಕ್ಕೆ ಮೊದಲು ಹೋಗಬೇಕು. 12 ಗಂಟೆಗೆ ಕಚೇರಿಗಳು ಬಿಟ್ಟ ಮೇಲೆ ಸಾಲು ಮೂಲೆಯವರೆಗೆ ನಿಲ್ಲುತ್ತದೆ. ಮೀನಿಗೆ ಐದರಲ್ಲಿ ಐದು ಅಂಕ, ಬಟ್ಟಲಿಗೆ ಎರಡು. ಯಂತ್ರ ಈಗ ಹೊಸ ನೋಟನ್ನೂ ನುಂಗುವುದರಿಂದ ಡೈರಿಯಲ್ಲಿ ಹಳೆಯ ನೋಟುಗಳಿಲ್ಲ. ಬದಲಿಗೆ ಕಚೇರಿಯಿಂದ ಹೊರಡುವಾಗ ಅಂಗಿಯ ಜೇಬಿಗೆ 100 ಯೆನ್‌ನ ಒಂದು ನಾಣ್ಯ ಹಾಕಿಕೊಳ್ಳುತ್ತೇನೆ. ಅವರು ಕೇಳಲು ಹಿಂಜರಿಯುವ ಮೊದಲೇ ನಾಣ್ಯವನ್ನು ಟ್ರೇಯ ಅಂಚಿನಲ್ಲಿಟ್ಟು ಬಟ್ಟಲು ಚಾಚುತ್ತೇನೆ.